ಹದಿನಾರು ಸಹಿ, ಒಂದು ಸಾಕ್ಷಿ

ಚಿದಾನಂದನ ಸಹಿ ಬಹಳ ಚೆಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವನು ಹಾಳಾಗಲು ಅರ್ಧ ಕಾರಣ ಅದೇ. ಮೊದಲಕ್ಷರವನ್ನು ಅಗಲವಾಗಿ ಸುತ್ತಿ, ಉಳಿದದ್ದನ್ನು ಒಂದೇ ಉಸಿರಿನಲ್ಲಿ ಎಳೆದು, ಕೆಳಗೆ ಗೆರೆ ಹಾಕಿ ಎರಡು ಚುಕ್ಕೆ ಇಟ್ಟನೆಂದರೆ ನೋಡಿದವರು ಯಾರೋ ಗೆಜೆಟೆಡ್ ಅಧಿಕಾರಿ ಎಂದುಕೊಳ್ಳಬೇಕು. ಅಸಲಿಗೆ ಅವನು ಜೆ.ಪಿ. ನಗರದಲ್ಲಿ, ಪೊಲೀಸ್ ಠಾಣೆಯೊಂದರ ಎದುರು, ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಯಾವ ಠಾಣೆ ಎಂದು ಕೇಳಬೇಡಿ. ಈ ಕತೆ ನಡೆಯಲು ಒಂದು ಠಾಣೆ, ಎದುರಿಗೊಂದು ಜೆರಾಕ್ಸ್ ಅಂಗಡಿ ಇದ್ದರೆ ಸಾಕು.

ಪೊಲೀಸರು ಯಾರಿಂದಲಾದರೂ ಏನನ್ನಾದರೂ ವಶಪಡಿಸಿಕೊಂಡರೆ ಊರಿನ ಇಬ್ಬರು ಮನುಷ್ಯರ ಎದುರಿಗೆ ಮಾಡಬೇಕು, ಮಾಡಿದ್ದನ್ನು ಸ್ಥಳದಲ್ಲೇ ಬರೆದು ಅವರ ಸಹಿ ಪಡೆಯಬೇಕು. ಬರೆದದ್ದಕ್ಕೆ ಮಹಜರು ಎನ್ನುತ್ತಾರೆ, ಸಹಿ ಹಾಕುವ ಇಬ್ಬರಿಗೆ ಪಂಚರು. ಕಾನೂನೇನೋ ಚೆನ್ನಾಗಿದೆ. ಆದರೆ ಬೆಂಗಳೂರಿನಲ್ಲಿ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ‘ಪಂಚರಾಗಿ ಬನ್ನಿ’ ಎಂದರೆ ಯಾರು ಬರುತ್ತಾರೆ? ಹೆಲ್ಮೆಟ್ ಕೂಡ ತೆಗೆಯದೆ ಓಡುತ್ತಾರೆ. ಹಾಗಾಗಿ ಹೆಡ್ ಕಾನ್ಸ್‌ಟೇಬಲ್ ಸಂಗಮೇಶ ಒಂದು ಸುಲಭದ ದಾರಿ ಕಂಡುಕೊಂಡಿದ್ದ. ವಿಜಯಪುರದ ಕಡೆಯವನು, ಮಾತು ಮೆದು. ಮಹಜರನ್ನು ಠಾಣೆಯಲ್ಲೇ ಕೂತು ಬರೆದು, ರಸ್ತೆ ದಾಟಿ ಬಂದು, ಚಿದಾನಂದನ ಗಾಜಿನ ಕಪಾಟಿನ ಮೇಲೆ ಹರಡುತ್ತಿದ್ದ.

“ಸಾಹೇಬ್ರ, ಇಲ್ಲೊಂದು, ಇಲ್ಲೊಂದು. ಮೂರನೇ ಹಾಳಿಗೂ ಒಂದು ಹಾಕಿಬಿಡ್ರಿ.”

ಖಾಕಿ ಹಾಕಿದವನು ತನ್ನನ್ನು ಸಾಹೇಬರೇ ಎಂದು ಕರೆಯುವುದು ಚಿದಾನಂದನಿಗೆ ದೊಡ್ಡ ಮರ್ಯಾದೆ. ಮೇಲಾಗಿ ಅಂಗಡಿಯ ಬೋರ್ಡು ಫುಟ್‌ಪಾತಿಗೆ ಎರಡಡಿ ಚಾಚಿ ನಿಂತಿತ್ತು, ಅದನ್ನು ಯಾರೂ ಕೇಳುತ್ತಿರಲಿಲ್ಲ. ಸಹಿ ಹಾಕುವ ಮುಂಚೆ ಓದುತ್ತಿದ್ದನೇ ಎಂದರೆ, ಇಲ್ಲ. ಎದುರಿಗೆ ಗಿರಾಕಿ ಆಧಾರ್ ಕಾರ್ಡಿನ ಎರಡೂ ಬದಿ ಒಂದೇ ಹಾಳೆಯಲ್ಲಿ ಬರಲಿ ಎಂದು ಕಾಯುತ್ತಿರುವಾಗ ಮೂರು ಪುಟ ಓದುವ ಪುರುಸೊತ್ತು ಯಾರಿಗಿದೆ? ಸಹಿ ಹಾಕಿ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಮೆಷಿನ್ನಿನ ಕಡೆ ತಿರುಗುತ್ತಿದ್ದ. ನಾಲ್ಕು ವರ್ಷದಲ್ಲಿ ಹೀಗೆ ಹದಿನಾರು ಮಹಜರಾದವು. ಅವನಿಗೆ ಆ ಸಂಖ್ಯೆ ಗೊತ್ತಿರಲಿಲ್ಲ. ಆಮೇಲೆ ಬೇರೆಯವರು ಹೇಳಿದಾಗ ಗೊತ್ತಾಯಿತು.

ಹದಿನೇಳನೆಯದರ ದಿನ ಸಂಗಮೇಶ ಕಾಗದವಿಲ್ಲದೆ ಬಂದ. 2021ರ ನವೆಂಬರು, ಬೆಳಗ್ಗೆ ಹನ್ನೊಂದರ ಹೊತ್ತು. ಅವನ ಮುಖ ಬಿಳಿಚಿಕೊಂಡಿತ್ತು.

“ಇವತ್ತ ನೀವು ಬರಲೇಬೇಕ್ರಿ. ಹೊಸಾ ಇನ್‌ಸ್ಪೆಕ್ಟರು ಸ್ಥಳದಾಗ ನಿಂತಾರ. ಟೀವಿಯವ್ರೂ ಬಂದಾರ.”

ಶಟರ್ ಅರ್ಧ ಎಳೆದು ಚಿದಾನಂದ ಅವನ ಬೈಕ್ ಹತ್ತಿದ. ಹೋದದ್ದು ಸಾರಕ್ಕಿ ಸಿಗ್ನಲ್ಲಿನ ಆಚೆ, ಹತ್ತು ಮಹಡಿಯ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಗೆ. ಕೊಳಚೆ ನೀರು ಶುದ್ಧ ಮಾಡುವ ತೊಟ್ಟಿಯ ಮುಚ್ಚಳ ತೆರೆದುಕೊಂಡಿತ್ತು. ಒಳಗಿಳಿದು ವಿಷಗಾಳಿಗೆ ಉಸಿರುಕಟ್ಟಿ ಸತ್ತವನನ್ನು ಅಗ್ನಿಶಾಮಕದವರು ಮೇಲೆತ್ತಿ ಮಲಗಿಸಿ ಟಾರ್ಪಾಲು ಹೊದಿಸಿದ್ದರು. ಹೆಸರು ಪ್ರಸನ್ನ, ಇಪ್ಪತ್ತಾರು ವರ್ಷ, ಹಳೇ ಸಾರಕ್ಕಿಯವನು, ತಾಯಿಗೆ ಒಬ್ಬನೇ ಮಗ. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಚಿದಾನಂದ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತ, ಆಮೇಲೆ ನಾಚಿಕೆಯಾಗಿ ಅದನ್ನು ಜೇಬಿಗಿಟ್ಟ.

ಪಕ್ಕದ ಪೈಪಿಗೆ ಪ್ರಸನ್ನನ ಅಂಗಿ ನೇತುಹಾಕಿತ್ತು. ಕೆಲಸ ಮುಗಿಸಿ ಬಂದು ಹಾಕಿಕೊಳ್ಳಬೇಕಲ್ಲ ಎಂದು ಕೊಳೆಯಾಗದ ಕಡೆ ನೋಡಿ ನೇತುಹಾಕಿದ್ದ. ಸಂಗಮೇಶ ಇನ್‌ಸ್ಪೆಕ್ಟರ ಎದುರಿಗೆ ಅದರ ಜೇಬಿಗೆ ಕೈಹಾಕಿ ಒಂದು ಬಾಚಣಿಗೆ, ಮಡಿಸಿದ ಒಂದು ಚೀಟಿ ತೆಗೆದ. “ಸ್ವಲ್ಪ ಓದ್ರಿ ಸಾಹೇಬ್ರ, ಅಕ್ಷರ ಸಣ್ಣದೈತಿ” ಎಂದು ಚಿದಾನಂದನ ಕೈಗೆ ಕೊಟ್ಟ. ಚಿದಾನಂದ ಮೊಬೈಲ್ ಟಾರ್ಚ್ ಹಿಡಿದು ಗಟ್ಟಿಯಾಗಿ ಓದಿದ: ‘ಪ್ರಸನ್ನ, ಇವತ್ತು ತೊಟ್ಟಿಯೊಳಗೆ ಇಳಿದು ತಳದ ಹೂಳು ತೆಗೆಯುವುದು. ಮಧ್ಯಾಹ್ನದೊಳಗೆ ಮುಗಿಸುವುದು.’ ಕೆಳಗೆ ಅಪಾರ್ಟ್‌ಮೆಂಟಿನ ಮ್ಯಾನೇಜರು ವಸಿಷ್ಠನ ಸಹಿ ಇತ್ತು. ಆ ಮಹಜರಿಗೆ ಚಿದಾನಂದ ಸ್ಥಳದಲ್ಲೇ, ಮೊದಲ ಬಾರಿಗೆ ಪೂರ್ತಿ ಓದಿ, ಸಹಿ ಹಾಕಿದ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನು ಎರಡನೆಯ ಪಂಚ.

ಮನುಷ್ಯನನ್ನು ಅಂಥ ತೊಟ್ಟಿಗೆ ಇಳಿಸುವುದು ಅಪರಾಧ. ಅದು ವಸಿಷ್ಠನಿಗೂ ಗೊತ್ತಿತ್ತು. ಅದಕ್ಕೇ ಮೊದಲ ದಿನದಿಂದ ಅವನದು ಒಂದೇ ಮಾತು: ‘ನಾನು ಇಳಿಸಲಿಲ್ಲ, ಅವನೇ ಇಳಿದ. ಆ ಚೀಟಿ ನನ್ನದಲ್ಲ, ಪೊಲೀಸರು ಆಮೇಲೆ ಹುಟ್ಟಿಸಿದ್ದು.’ ಕೈಬರಹ ತಜ್ಞರು ನೋಡಿ ‘ಖಚಿತವಾಗಿ ಹೇಳಲಾಗದು’ ಎಂದು ಬರೆದು ಕೈತೊಳೆದುಕೊಂಡರು. ಸೆಕ್ಯುರಿಟಿಯವನು ಕೆಲಸ ಬಿಟ್ಟು ಎಲ್ಲಿಗೆ ಹೋದನೋ, ಸಮನ್ಸು ಮೂರು ಸಲ ವಾಪಸು ಬಂತು. ಚೀಟಿ ಅಂಗಿಯ ಜೇಬಿನಲ್ಲೇ ಇತ್ತು ಎಂದು ಹೇಳಬಲ್ಲ ಹೊರಗಿನ ಮನುಷ್ಯ ಚಿದಾನಂದ ಒಬ್ಬನೇ ಉಳಿದ.

ಇದು ಪ್ರಸನ್ನನ ತಾಯಿ ಮಾರಮ್ಮನಿಗೂ ಗೊತ್ತಿತ್ತು. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸು, ಓದು ಬರಹ ಇಲ್ಲ. ಕೋರ್ಟಿನ ಕಾಗದ ಜೆರಾಕ್ಸ್ ಮಾಡಿಸಬೇಕಾದಾಗಲೆಲ್ಲ ಹತ್ತಿರದ ನಾಲ್ಕು ಅಂಗಡಿ ಬಿಟ್ಟು ಇವನಲ್ಲಿಗೇ ಬರುತ್ತಿದ್ದಳು. ಬಂದಾಗಲೆಲ್ಲ ಒಂದು ಕಟ್ಟು ದಂಟೋ ಮೆಂತ್ಯವೋ ಕಪಾಟಿನ ಮೇಲಿಡುತ್ತಿದ್ದಳು. ಬೇಡ ಎಂದರೆ ಕೇಳುತ್ತಿರಲಿಲ್ಲ.

“ನೀವು ಕಣ್ಣಾರೆ ನೋಡಿದ್ರಲ್ಲ ಸಾರ್. ಅದೊಂದೇ ನಂಗೆ ಧೈರ್ಯ.”

ಮೂರು ವರ್ಷ ಕಳೆದು ಚಿದಾನಂದನಿಗೆ ಸಮನ್ಸು ಬಂದಾಗ, ನಿಜ ಹೇಳಬೇಕೆಂದರೆ, ಅವನಿಗೆ ಹೆಮ್ಮೆಯಾಯಿತು. ಇಸ್ತ್ರಿ ಮಾಡಿದ ಬಿಳಿ ಶರ್ಟು ತೆಗೆದಿಡು ಎಂದು ಹೆಂಡತಿ ಲತಾಮಣಿಗೆ ಹೇಳಿದ. ಲತಾಮಣಿ ಕಡಿಮೆ ಮಾತಿನವಳು, ಆದರೆ ಆಡಿದರೆ ಮೊಳೆ ಹೊಡೆದ ಹಾಗೆ.

“ಇದೇನೋ ನೋಡಿದ್ರಿ, ಸರಿ. ಉಳಿದಿದ್ದೆಲ್ಲ ಅಂಗಡೀಲಿ ಕೂತು ಹಾಕಿದ್ರಲ್ಲ, ಅದನ್ನ ಕೇಳಿದ್ರೆ ಏನಂತೀರ?”

“ಅದನ್ಯಾಕೆ ಕೇಳ್ತಾರೆ? ಅವೆಲ್ಲ ಬೇರೆ ಕೇಸು.”

ಹೀಗೆ ಅಂದನೇ ಹೊರತು ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗಾಯಿತು. ಆವತ್ತಿನಿಂದ ಊಟ ಸೇರಲಿಲ್ಲ. ಸಂಗಮೇಶನನ್ನು ಹಿಡಿದು ಕೇಳಿದರೆ ಅವನು ನಕ್ಕ. “ನೆನಪಿಲ್ಲ ಅನ್ರಿ. ನೆನಪಿಲ್ಲ ಅಂದಾವನ್ನ ಯಾವ ಕೋರ್ಟೂ ಏನೂ ಮಾಡಂಗಿಲ್ಲ.” ಸಾಕ್ಷಿಗೆ ಎರಡು ದಿನ ಮುಂಚೆ ಸರ್ಕಾರಿ ವಕೀಲೆ ಇಂದ್ರಾಣಿ ಅವನನ್ನು ಕೂರಿಸಿಕೊಂಡು ಎಲ್ಲ ಕೇಳಿದರು. ಕಡೆಗೆ ಕನ್ನಡಕದ ಮೇಲಿಂದ ನೋಡಿ, “ಬೇರೆ ಕೇಸಲ್ಲಿ ಪಂಚ ಆಗಿದೀರಾ? ಇದ್ರೆ ಈಗ್ಲೇ ಹೇಳಿ, ನಾನು ರೆಡಿಯಾಗಿರ್ತೀನಿ” ಎಂದರು.

ಅದು ಅವನಿಗೆ ಸಿಕ್ಕಿದ್ದ ಕೊನೆಯ ಅವಕಾಶ. ಬಾಗಿಲ ಹೊರಗೆ ಮಾರಮ್ಮ ಗೋಡೆಗೊರಗಿ ನಿಂತಿದ್ದಳು.

“ಒಂದೆರಡು ಇರ್ಬೋದು ಮೇಡಂ” ಎಂದ.

ಈ ಸುಳ್ಳು ಯಾತಕ್ಕೆ ಬೇಕಿತ್ತು ಎಂದು ಆಮೇಲೆ ಅವನೇ ಎಷ್ಟು ಸಲ ತಲೆ ಚಚ್ಚಿಕೊಂಡನೋ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು ಎಂದು ನನಗನ್ನಿಸುತ್ತದೆ. ತನ್ನನ್ನು ದೇವರ ಹಾಗೆ ನಂಬಿದವಳ ಎದುರಿಗೆ ಅವನಿಗೆ ಸಣ್ಣವನಾಗಲು ಇಷ್ಟವಿರಲಿಲ್ಲ.

ಸಾಕ್ಷಿ ಹೇಳುವ ದಿನ ಬೆಳಗಿನ ಹೊತ್ತೆಲ್ಲ ಚೆನ್ನಾಗೇ ನಡೆಯಿತು. ಇಂದ್ರಾಣಿ ಕೇಳಿದ್ದಕ್ಕೆಲ್ಲ ಚಿದಾನಂದ ಸರಿಯಾಗಿ ಉತ್ತರ ಕೊಟ್ಟ. ಅಂಗಿ, ಪೈಪು, ಬಾಚಣಿಗೆ, ಚೀಟಿ. ಚೀಟಿಯ ಮಾತನ್ನು ನೋಡದೆಯೇ ಹೇಳಿದ. ನ್ಯಾಯಾಧೀಶರು ತಲೆಯಾಡಿಸುತ್ತ ಟೈಪಿಸ್ಟಿಗೆ ಬರೆಸಿದರು. ಹಿಂದಿನ ಬೆಂಚಿನಲ್ಲಿ ಮಾರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಆಮೇಲೆ ವಸಿಷ್ಠನ ವಕೀಲರು ಎದ್ದರು. ವಯಸ್ಸಾದವರು, ಗಡಿಬಿಡಿಯೇ ಇಲ್ಲದ ಮನುಷ್ಯ. ಚೀಟಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ದಾರ ಕಟ್ಟಿದ ಒಂದು ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟರು.

“ಚಿದಾನಂದ್ ಅವರೇ, ನಿಮ್ಮ ಸೈನು ಬಹಳ ಚೆನ್ನಾಗಿದೆ. ಇದು ನಿಮ್ಮದೇನಾ?”

“ಹೌದು.”

“ಇದು?”

“ಹೌದು.”

ಹದಿನಾರು ಸಲ ಕೇಳಿದರು. ಹದಿನಾರು ಸಲ ಹೌದೆಂದ. ಬೇರೆ ಬೇರೆ ಕೋರ್ಟಿನಿಂದ ನಕಲು ತೆಗೆಸಿ ತಂದಿದ್ದರು. ಹತ್ತನೆಯದರ ಹೊತ್ತಿಗೆ ಇಂದ್ರಾಣಿ ಬರೆಯುವುದನ್ನು ನಿಲ್ಲಿಸಿ ಅವನನ್ನು ನೋಡುತ್ತಿದ್ದರು. ಅವನು ಆ ಕಡೆ ತಿರುಗಲಿಲ್ಲ.

“ಎರಡು ಸಾವಿರದ ಹತ್ತೊಂಬತ್ತು, ಆಗಸ್ಟ್ ಒಂಬತ್ತು. ಸಂಜೆ ನಾಲ್ಕರಿಂದ ನಾಲ್ಕೂಮುಕ್ಕಾಲು. ಪುಟ್ಟೇನಹಳ್ಳಿ ಕೆರೆ ಹತ್ತಿರ ಸೀನು ಅನ್ನೋನಿಂದ ಕಳ್ಳತನದ ಬೈಕ್ ವಶಪಡಿಸ್ಕೊಂಡಿದ್ದನ್ನ ನೀವು ಎದುರಿಗೆ ನಿಂತು ನೋಡಿದೀರಿ. ಸರೀನಾ? ಅದೇ ದಿನ, ಅದೇ ನಾಲ್ಕು ಗಂಟೆ. ಬನಶಂಕರಿ ಬಸ್ ಸ್ಟ್ಯಾಂಡ್ ಹತ್ತಿರ ಇನ್ನೊಬ್ಬನಿಂದ ಮೊಬೈಲ್ ವಶಪಡಿಸ್ಕೊಂಡಿದ್ದನ್ನೂ ಎದುರಿಗೆ ನಿಂತು ನೋಡಿದೀರಿ. ಎರಡೂ ಕಡೆ ಹೇಗಿದ್ರಿ?”

ಯಾರೋ ಕಿಸಕ್ಕನೆ ನಕ್ಕರು. ಚಿದಾನಂದನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ವರಮಹಾಲಕ್ಷ್ಮಿ ಹಬ್ಬ. ಅಂಗಡಿಯನ್ನೇ ತೆರೆದಿರಲಿಲ್ಲ, ನಾಲ್ಕು ಗಂಟೆಗೆ ಒಬ್ಬಟ್ಟು ತಿಂದು ಮಲಗಿದ್ದ. ಸಹಿ ಹಾಕಿದ್ದು ಮಾರನೆಯ ದಿನ.

ವಕೀಲರು ದನಿ ಏರಿಸಲೇ ಇಲ್ಲ. “ಆ ಸೀನುಗೆ ಜಾಮೀನು ಸಿಗಲಿಲ್ಲ. ಹದಿನಾಲ್ಕು ತಿಂಗಳು ಒಳಗಿದ್ದ. ಕಡೆಗೆ ತಪ್ಪೊಪ್ಕೊಂಡ್ರೆ ಬಿಡ್ತಾರೆ ಅಂತ ಒಪ್ಕೊಂಡ. ನಿಮಗೆ ಇದು ಗೊತ್ತಾ?”

ಗೊತ್ತಿರಲಿಲ್ಲ. ಆ ಹೆಸರನ್ನೇ ಅವನು ಮೊದಲ ಸಲ ಕೇಳುತ್ತಿದ್ದ. ನೆನಪಿಲ್ಲ ಎಂದುಬಿಟ್ಟರೆ ಆಯಿತು, ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಹದಿನಾರಕ್ಕೂ ನೆನಪಿಲ್ಲ ಎಂದರೆ ಹದಿನೇಳನೆಯದು ಮಾತ್ರ ಹೇಗೆ ನೆನಪಿದೆ ಎನ್ನುತ್ತಾರೆ. ಎಲ್ಲವನ್ನೂ ನೋಡಿದ್ದೆ ಎಂದರೆ ಎರಡೂ ಕಡೆ ಹೇಗಿದ್ದೆ ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ಅವನು ತಲೆಯೆತ್ತಿ ಮಾರಮ್ಮನನ್ನು ನೋಡಿದ. ಅವಳು ಬೆಂಚಿನ ತುದಿಗೆ ಬಂದು, ಕತ್ತು ಮುಂದೆ ಚಾಚಿ, ಅವನ ಬಾಯನ್ನೇ ನೋಡುತ್ತಿದ್ದಳು.

“ನಾನು ಹೋಗಿರ್ಲಿಲ್ಲ ಸ್ವಾಮಿ” ಎಂದ. “ಆ ಹದಿನಾರಕ್ಕೂ ಹೋಗಿರ್ಲಿಲ್ಲ. ಅಂಗಡೀಲಿ ಕೂತು, ಓದದೇನೇ ಸೈನ್ ಹಾಕ್ದೆ. ಇದೊಂದಕ್ಕೆ ಹೋಗಿದ್ದೆ. ಇದೊಂದನ್ನ ನಿಜವಾಗ್ಲೂ ನೋಡಿದೀನಿ.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ನೀವು ಏನು ಹೇಳ್ತಿದೀರ ಅನ್ನೋದು ಗೊತ್ತಿದೆ ತಾನೇ?”

“ಗೊತ್ತಿದೆ ಸ್ವಾಮಿ.”

ವಕೀಲರು ಕಾಗದದ ಕಟ್ಟಿಗೆ ಮತ್ತೆ ದಾರ ಕಟ್ಟಿದರು. “ಹದಿನಾರು ಸಲ ನೋಡದೇನೇ ನೋಡಿದೆ ಅಂದೋರು, ಹದಿನೇಳನೇ ಸಲಾನೂ ಹಾಗೇ ಅಂತಿದಾರೆ ಅಂತ ನಾನು ಹೇಳ್ತೀನಿ. ಬೇರೆ ಪ್ರಶ್ನೆ ಇಲ್ಲ” ಎಂದು ಕೂತರು. ಬಾಯಿಬಿಟ್ಟು ನಿಜ ಹೇಳಿದ್ದಕ್ಕೆ ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಚಿದಾನಂದನಿಗೆ ಹಾಗೇನೂ ಆಗಲಿಲ್ಲ. ಕಟಕಟೆ ಇಳಿದು ಬಾಗಿಲ ಕಡೆ ನಡೆದ. ಇಂದ್ರಾಣಿ ಅವನ ಪಕ್ಕದಲ್ಲೇ ಹಾದುಹೋಗುತ್ತ, “ಒಂದೆರಡು ಅಂದ್ರಲ್ರೀ” ಎಂದಷ್ಟೇ ಅಂದರು.

ಮಾರಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅವಳನ್ನು ದಾಟದೆ ಮೆಟ್ಟಿಲಿಗೆ ಹೋಗುವ ಹಾಗಿರಲಿಲ್ಲ. ಅವನು ಎದುರಿಗೆ ಹೋಗಿ ನಿಂತ.

“ಅಮ್ಮಾ, ನನ್ನಿಂದ ತಪ್ಪಾಯ್ತು.”

ಅವಳು ಪಕ್ಕದಲ್ಲಿದ್ದ ಎಲೆಯಡಿಕೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ಬೈದುಬಿಡಿ ಅಮ್ಮಾ. ಎರಡೇಟು ಹೊಡೀರಿ ಬೇಕಾದ್ರೆ.”

“ಬೈದ್ರೆ ನಿಮಗೆ ಹಗುರಾಗ್ತದೆ ಸಾರ್” ಎಂದಳು ಮಾರಮ್ಮ. “ನಂಗೇನಾಗ್ತದೆ?”

ಅವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಬಿಳಿ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಕಪ್ಪು ಕೋಟಿನವರು ಅವನನ್ನು ಬಳಸಿಕೊಂಡು ಹೋಗುತ್ತಿದ್ದರು.

“ಚೀಟಿ ಜೇಬಲ್ಲೇ ಇತ್ತು ತಾನೇ?” ಎಂದು ಕೇಳಿದಳು.

“ಇತ್ತಮ್ಮಾ. ಓದಿದ್ದೇ ನಾನು.”

“ನಂಗೊತ್ತು. ನೀವು ಈ ಸಲ ಸುಳ್ಳು ಹೇಳ್ತಿಲ್ಲ ಅಂತ ನಂಗೊತ್ತು. ನಂಗೆ ಗೊತ್ತಿದ್ದು ಏನ್ ಬಂತು?” ಎಲೆಯಡಿಕೆಯ ಚೀಲ ಬಿಚ್ಚಿದಳು, ಹಾಗೇ ಕಟ್ಟಿದಳು. “ಬೈಕಿನ ಕೇಸಲ್ಲಿ ಯಾರೋ ಸೀನು ಅಂದ್ರಲ್ಲ. ಆ ಮಗೀಗೂ ಅವ್ವ ಇರ್ತಾಳಲ್ವಾ?”

“ಇರ್ತಾರೆ.”

“ಅವಳತ್ರ ಹೋಗಿ. ನನ್ನತ್ರ ಈಗ ಏನೈತೆ? ನನ್ ಮಗ ಬರಲ್ಲ. ಅವಳ ಮಗ ಬದುಕವ್ನೆ. ಅವ್ನು ಕಳ್ಳ ಅಲ್ಲ ಅಂತ ಹೇಳಾಕೆ ಯಾವ ಪುಣ್ಯಾತ್ಮ ಬರ್ತಾನೋ ಅಂತ ಬಾಗ್ಲು ನೋಡ್ಕೊಂಡು ಕೂತಿರ್ತಾಳೆ. ತಾಯಿ ಅಲ್ವಾ?”

ಎರಡು ತಿಂಗಳಿಗೆ ತೀರ್ಪು ಬಂತು. ಚೀಟಿ ಸಿಕ್ಕಿದ್ದಕ್ಕೆ ನಂಬಲರ್ಹವಾದ ಸಾಕ್ಷಿಯಿಲ್ಲ, ಸಂಶಯದ ಲಾಭ ಆರೋಪಿಗೆ. ವಸಿಷ್ಠ ಬಿಡುಗಡೆಯಾದ. ಮಾರಮ್ಮ ಆಮೇಲೆ ಜೆರಾಕ್ಸ್ ಅಂಗಡಿಗೆ ಬರಲಿಲ್ಲ. ಅಪೀಲು ಹಾಕುತ್ತೇವೆ ಎಂದು ಇಂದ್ರಾಣಿ ಹೇಳಿದರಂತೆ, ಹೇಳಿದ್ದು ಚಿದಾನಂದನಿಗಲ್ಲ. ಸಂಗಮೇಶ ಮಾತ್ರ ಏನೂ ಆಗದವನ ಹಾಗೆ ಒಂದು ದಿನ ಮೂರು ಹಾಳೆ ಹಿಡಿದು ಬಂದ. ಚಿದಾನಂದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು “ಬೇಡ ಸಾರ್” ಎಂದ. ಮಾರನೆಯ ವಾರ ಪಾಲಿಕೆಯ ಗಾಡಿ ಬಂದು ಅವನ ಬೋರ್ಡನ್ನು ಕಿತ್ತುಕೊಂಡು ಹೋಯಿತು. ಹೋಗಲಿ ಎಂದುಕೊಂಡ. ಲತಾಮಣಿಯೂ ಹಾಗೇ ಅಂದಳು.

ಮಾರಮ್ಮನ ಮಾತು ಮಾತ್ರ ಬಿಡಲಿಲ್ಲ. ಹೋಗಬೇಕೆಂದರೆ ಸೀನುವಿನ ಮನೆ ಎಲ್ಲಿ ಎಂದು ಗೊತ್ತಿರಬೇಕು. ಅದು ಆ ಮಹಜರಿನಲ್ಲೇ ಇರಬೇಕು. ನೋಡಿ ಮನುಷ್ಯನ ಪಾಡು, ತಾನೇ ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ತಿಳಿಯಲು ಚಿದಾನಂದ ಕೋರ್ಟಿನ ನಕಲು ವಿಭಾಗಕ್ಕೆ ಅರ್ಜಿ ಹಾಕಿ ಮೂರು ವಾರ ಅಲೆದ. ಸಿಕ್ಕ ದಿನ ಅಲ್ಲೇ ಮೆಟ್ಟಿಲ ಮೇಲೆ ಕೂತು ಮೂರೂ ಪುಟ ಓದಿದ. ‘ಪಂಚರಾದ ನಾವು ಸದರಿ ಆಸಾಮಿಯ ಎದುರು ಮುಕ್ಕಾಲು ಗಂಟೆ ಕಾಲ ಹಾಜರಿದ್ದು, ಕಣ್ಣಾರೆ ಕಂಡು...’ ಓದುತ್ತ ಓದುತ್ತ ಅವನ ಕಿವಿ ಬಿಸಿಯಾಯಿತು. ಕೊನೆಯ ಪುಟದಲ್ಲಿ ಅವನ ಹೆಸರು, ‘ಕಸುಬು: ಜೆರಾಕ್ಸ್ ಅಂಗಡಿ’, ಅವನ ಸಹಿ, ಕೆಳಗೆ ಎರಡು ಚುಕ್ಕೆ. ಸೀನುವಿನ ವಿಳಾಸ ಕೋಣನಕುಂಟೆ.

ಒಂದು ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ಹೋದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡ. ಮೊದಲು ತಾಯಿಯ ಕಾಲು ಹಿಡಿಯಬೇಕು. ನಿಮ್ಮ ಮಗ ಕಳ್ಳನಲ್ಲ ಎನ್ನಬೇಕು. ಆಮೇಲೆ ಏನಾದರಾಗಲಿ. ಕೋಣನಕುಂಟೆಯ ಹಳೇ ಊರಿನ ಒಳಗೆ, ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿಯೊಂದು ನಿಂತಿತ್ತು. ಗಾಡಿಯ ಹಿಂದೆ ಮೂವತ್ತರ ಆಸುಪಾಸಿನ ಗಂಡಸು ಪೆಟ್ಟಿಗೆಯ ಕೆಂಡವನ್ನು ಊದುತ್ತಿದ್ದ. ಸೀನು ಎಂಬವರ ಮನೆ ಯಾವುದು ಎಂದು ಚಿದಾನಂದ ಅವನನ್ನೇ ಕೇಳಿದ.

“ನಾನೇ ಸಾರ್ ಸೀನು. ಬಟ್ಟೆ ಇತ್ತಾ? ಯಾರು ನೀವು?”

ಮುಕ್ಕಾಲು ಗಂಟೆ ಎದುರುಬದುರು ನಿಂತಿದ್ದರೆಂದು ಕಾಗದದಲ್ಲಿ ಇರುವ ಇಬ್ಬರೂ ಒಬ್ಬರ ಮುಖವನ್ನೊಬ್ಬರು ಆವತ್ತು ಮೊದಲ ಸಲ ನೋಡಿದರು. ಚಿದಾನಂದ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ನಕಲನ್ನು ತೆಗೆದು ಗಾಡಿಯ ಮೇಲೆ ಹರಡಿ, ತನ್ನ ಸಹಿಯ ಮೇಲೆ ಬೆರಳಿಟ್ಟ.

“ಇದು ನಾನು. ನಾನು ಅವತ್ತು ಅಲ್ಲಿ ಇರ್ಲಿಲ್ಲ. ಹಬ್ಬದ ಊಟ ಮಾಡಿ ಮನೇಲಿ ಮಲಗಿದ್ದೆ.”

ಸೀನು ಆ ಕಾಗದವನ್ನು ಬಹಳ ಹೊತ್ತು ನೋಡಿದ. ಸಿಟ್ಟು ಬರುತ್ತದೆ ಎಂದು ಚಿದಾನಂದ ಕಾದ. ಸೀನು ಪೆಟ್ಟಿಗೆಯನ್ನು ಬದಿಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಅಲ್ಲಿದ್ದಿದ್ದು ಪೊಲೀಸ್ನೋರು ಇಬ್ರೇ. ನಾನು ಅದನ್ನೇ ಹೇಳ್ತಾ ಇದ್ದೆ ಸಾರ್. ಬೈಕನ್ನ ಆವತ್ತೇ ಮೊದಲು ನೋಡಿದ್ದು ನಾನು.”

“ಕೋರ್ಟಿಗೆ ಬಂದು ಬರ್ಕೊಡ್ತೀನಿ. ನನಗೆ ಜೈಲಾದ್ರೂ ಪರವಾಗಿಲ್ಲ.”

“ಬರ್ಕೊಡಿ. ನಾನಂತೂ ಒಳಗಿದ್ದು ಬಂದಾಯ್ತು.”

“ನಿಮ್ಮ ತಾಯಿ ಇದಾರಾ? ಅವ್ರ ಹತ್ರ ಮಾತಾಡ್ಬೇಕಿತ್ತು. ಇಷ್ಟು ವರ್ಷ ಕಾದಿರ್ತಾರೆ, ಅವ್ರಿಗೆ ನಾನೇ ಹೇಳ್ಬೇಕು.”

ಸೀನು ನಗುವುದಕ್ಕೆ ನೋಡಿದ, ಆಗಲಿಲ್ಲ. “ಹೋದ ವರ್ಷ ಯುಗಾದಿ ಮುಂಚೆ ತೀರ್ಕೊಂಡ್ಲು. ಈ ಗಾಡಿ ಅವಳದ್ದೇ.” ಕಾಗದವನ್ನು ಮಡಿಸಿ, ಮಡಿಕೆಯನ್ನು ಉಗುರಿನಿಂದ ತೀಡಿ ಚಿದಾನಂದನ ಕೈಗಿಟ್ಟ. “ಅವಳು ಯಾರಿಗೂ ಕಾಯ್ತಿರ್ಲಿಲ್ಲ ಸಾರ್. ಕೊನೇ ದಿನದವರೆಗೂ ನಾನೇ ಕದ್ದಿದ್ದು ಅಂದ್ಕೊಂಡಿದ್ಲು. ದೇವ್ರ ಮೇಲೆ ಆಣೆ ಹಾಕ್ದೆ, ಅವಳ ತಲೆ ಮುಟ್ಟಿ ಹೇಳ್ದೆ, ಊಹ್ಞೂಂ. ಲಾಯರು ಅವಳಿಗೆ ಈ ಕಾಗದ ತೋರಿಸಿದ್ರಂತೆ. ಒಂದೇ ಮಾತು ಅವಳದು. ‘ಪೊಲೀಸ್ನೋರು ಸುಳ್ಳು ಹೇಳ್ಬೋದು ಕಣೋ. ಅಂಗಡಿ ಮಡಗಿರೋ ಮರ್ಯಾದಸ್ತರು, ಗುರುತಿಲ್ಲ ಪರಿಚಯ ಇಲ್ಲ, ನಿನ್ ಮೇಲೆ ಯಾಕೋ ಸುಳ್ಳು ಸೈನ್ ಹಾಕ್ತಾರೆ?’ ಅಂತ.”